ಜಕಾತಿ ನಾಕಾದ ಜಾಗ

ನಮ್ಮ ಊರಿನಲ್ಲಿ ಈಗಲೂ ಜನ ಬಸ್ಸಿನಲ್ಲಿ "ನಾಕಾ ಹತ್ರ ಇಳೀತೀನಿ" ಎಂದೇ ಕಂಡಕ್ಟರಿಗೆ ಹೇಳುತ್ತಾರೆ. ಆದರೆ ಅಲ್ಲಿ ನಾಕಾ ಇಲ್ಲ. ಊರೊಳಗೆ ಬರುವ ಸರಕಿನ ಮೇಲೆ ಪುರಸಭೆ ವಸೂಲಿ ಮಾಡುತ್ತಿದ್ದ ಜಕಾತಿಯನ್ನು ಕರ್ನಾಟಕದಲ್ಲಿ 1979ರಲ್ಲಿ ರದ್ದು ಮಾಡಿದರು. ತೆರಿಗೆ ಹೋಯಿತು, ಜಾಗ ಉಳಿಯಿತು. ಹೆಂಚು ಉದುರಿದ ಒಂದು ಕೋಣೆ, ಒಂದು ಬೇವಿನ ಮರ, ಸುತ್ತ ಜಾಲಿ ಗಿಡ. ಜಕಾತಿ ಎಂಬ ಮಾತು ನಾವು ಕೊಡುವ ಜಕಾತ್‌ನಿಂದಲೇ ಬಂದದ್ದು. ಇದನ್ನು ನಮ್ಮ ನಾನಿಗೆ ಹೇಳಿದಾಗ "ಹಾಗಾದ್ರೆ ಆ ದುಡ್ಡು ಬಡವರಿಗೆ ಹೋಗ್ತಿತ್ತಾ?" ಎಂದು ಕೇಳಿದರು. ಇಲ್ಲ ನಾನಿ, ಪುರಸಭೆಗೆ ಹೋಗ್ತಿತ್ತು ಎಂದೆ. ನಾನಿ ನಕ್ಕರು.

ಆ ಜಾಗದ ಹಿಂದೆಯೇ ನಾನು ಓದಿದ ಸರ್ಕಾರಿ ಉರ್ದು ಕಿರಿಯ ಪ್ರಾಥಮಿಕ ಶಾಲೆ ಇದೆ. ಐದು ತರಗತಿ, ಎರಡು ಕೋಣೆ. ಒಂದರಲ್ಲಿ ಒಂದರಿಂದ ಮೂರರವರೆಗಿನ ನಲಿ-ಕಲಿ ಮಕ್ಕಳು. ಇನ್ನೊಂದರಲ್ಲಿ ನಾಲ್ಕನೆಯವರು ಒಂದು ಗೋಡೆಗೆ, ಐದನೆಯವರು ಎದುರು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ. ನನ್ನ ತಮ್ಮ ಈಗ ನಾಲ್ಕನೇ ತರಗತಿ. ಐದನೆಯವರ ಮಗ್ಗಿ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿದೆ, ತನ್ನ ಪಾಠ ಮಾತ್ರ ಆಗಿಲ್ಲ. ಮಳೆಗಾಲದಲ್ಲಿ ಆ ಕೋಣೆ ಸೋರಿದರೆ ಎಲ್ಲರೂ ಒಂದೇ ಕೋಣೆಗೆ.

ಈ ವರ್ಷ ನಾಕಾ ಜಾಗ ಪುರಸಭೆಗೆ ಬೇಡವಾದ ಆಸ್ತಿ, ಹರಾಜು ಹಾಕೋಣ ಎಂಬ ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬಂತು. ನಮ್ಮ ಮನೆಯಲ್ಲೂ ಸಭೆ ಶುರುವಾಯಿತು. ಅಮ್ಮಿ ಆ ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಅಬ್ಬಾ ಪುರಸಭೆಯ ಮಳಿಗೆಯಲ್ಲಿ ಬಳೆ ಅಂಗಡಿ ಇಟ್ಟಿರುವ ಬಾಡಿಗೆದಾರರು. ಅಮ್ಮಿಗೆ ಅಲ್ಲಿ ಕೋಣೆ ಬೇಕು, ಅಬ್ಬಾಗೆ ಮಳಿಗೆ ಬೇಕು. ಮಾರುವುದು ಮಾತ್ರ ಇಬ್ಬರಿಗೂ ಬೇಡ.

ಅಬ್ಬಾ ತಮ್ಮ ಅಂಗಡಿಗಾಗಿ ಮಾತ್ರ ಹೀಗೆ ಹೇಳುತ್ತಾರೆ ಎಂದು ನಾನು ಅಂದುಕೊಳ್ಳುವುದಿಲ್ಲ. ಪುರಸಭೆಗೆ ಸ್ವಂತ ಆದಾಯ ಎಂದರೆ ಆಸ್ತಿ ತೆರಿಗೆ, ನೀರಿನ ಕರ, ಲೈಸೆನ್ಸ್ ಶುಲ್ಕ ಮತ್ತು ಮಳಿಗೆ ಬಾಡಿಗೆ. ಜಾಗ ಮಾರಿದರೆ ಒಮ್ಮೆ ದುಡ್ಡು, ಮಳಿಗೆ ಕಟ್ಟಿದರೆ ತಿಂಗಳು ತಿಂಗಳು ದುಡ್ಡು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಬಂಡವಾಳ ಸ್ವೀಕೃತಿ, ಎರಡನೆಯದು ಕಂದಾಯ ಸ್ವೀಕೃತಿ. ಸ್ಥಿರ ಆಸ್ತಿ ಮಾರಿ ಬಂದ ಹಣದಲ್ಲಿ ಕರೆಂಟ್ ಬಿಲ್ ಕಟ್ಟಿದರೆ ಬಿತ್ತನೆ ಜೋಳ ಬೇಯಿಸಿ ತಿಂದ ಹಾಗೆ. ಅದಕ್ಕೇ ಇರಬೇಕು, 1964ರ ಪುರಸಭೆಗಳ ಕಾಯ್ದೆಯಲ್ಲಿ ಸದಸ್ಯರು ಕೈ ಎತ್ತಿದ ಮಾತ್ರಕ್ಕೆ ಜಾಗ ಮಾರಲು ಆಗುವುದಿಲ್ಲ, ಸರ್ಕಾರದ ಅನುಮತಿಯೂ ಬೇಕು.

ಹಾಗಾದರೆ ಆ ದುಡ್ಡಿನಲ್ಲಿ ಶಾಲೆಯ ಕೋಣೆ ಕಟ್ಟಬಹುದಲ್ಲ, ಅದೂ ಆಸ್ತಿಯೇ ಅಲ್ಲವೇ? ಅಮ್ಮಿಯ ಪ್ರಶ್ನೆ ಇದು. ಅಮ್ಮಿಗೆ ಓದಲು ಬರುವುದು ಉರ್ದು ಮಾತ್ರ, ಆದ್ದರಿಂದ ಮನವಿ ಬರೆಯುವ ಕೆಲಸ ನನಗೆ ಬಂತು. ಒಂದು ಶನಿವಾರ ಇಬ್ಬರೂ ಪುರಸಭೆಗೆ ಹೋದೆವು. ಅಲ್ಲಿಯ ಗುಮಾಸ್ತರು ಮರ್ಯಾದೆಯಿಂದಲೇ ಮಾತಾಡಿದರು: "ಶಾಲೆ ನಮ್ಮದಲ್ಲಮ್ಮ, ಶಿಕ್ಷಣ ಇಲಾಖೆದು." ಬಿಇಒ ಕಚೇರಿಯಲ್ಲಿ ಹೇಳಿದ್ದು ಇದು: "ಕೋಣೆಗೆ ಪ್ರಸ್ತಾವನೆ ಕಳಿಸಬಹುದು, ಆದರೆ ಜಾಗ ಪುರಸಭೆದು. ಮೊದಲು ಖಾತೆ ಶಾಲೆ ಹೆಸರಿಗೆ ಮಾಡಿಸಿ." ಎರಡೂ ಕಚೇರಿಯ ನಡುವೆ ನಡೆದರೆ ಹತ್ತು ನಿಮಿಷದ ದಾರಿ.

ಯಾಕೆ ಹೀಗೆ ಎಂದು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಸಂವಿಧಾನದ ಪುಸ್ತಕ ತೆಗೆದು ನೋಡಿದೆ. ಗ್ರಾಮ ಪಂಚಾಯಿತಿಗಳಿಗಾಗಿ ಇರುವ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. 17ನೆಯದು ಶಿಕ್ಷಣ, ಪ್ರಾಥಮಿಕ ಮತ್ತು ಪ್ರೌಢಶಾಲೆ ಸೇರಿ ಎಂದು ಸ್ಪಷ್ಟವಾಗಿ ಬರೆದಿದೆ. ಪಟ್ಟಣಗಳಿಗಾಗಿ ಇರುವ 12ನೇ ಅನುಸೂಚಿಯ 18 ವಿಷಯಗಳಲ್ಲಿ ಶಾಲೆ ಎಂಬ ಪದವೇ ಇಲ್ಲ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನ ಎಂದಷ್ಟೇ ಇದೆ. ನಮ್ಮ ಚಾಚಾ ಇರುವ ಹಳ್ಳಿಯ ಶಾಲೆಗೆ ನರೇಗಾ ಹಣದಲ್ಲಿ ಕಾಂಪೌಂಡು, ಶೌಚಾಲಯ ಎರಡೂ ಆದವು. ನರೇಗಾ ಇದ್ದದ್ದು ಹಳ್ಳಿಗಳಿಗೆ ಮಾತ್ರ, ಪಟ್ಟಣದ ಶಾಲೆಗೆ ಅದೂ ಇರಲಿಲ್ಲ. ಸಮಗ್ರ ಶಿಕ್ಷಣದ ಪಟ್ಟಿಯಲ್ಲೋ ರಾಜ್ಯ ಬಜೆಟ್ಟಿನ ಕೊಠಡಿ ಯೋಜನೆಯಲ್ಲೋ ಹೆಸರು ಬರಬೇಕು, ಇಲ್ಲವೇ ಶಾಸಕರ ನಿಧಿಯ ಮನೆಗೆ ಹೋಗಬೇಕು. ನಮ್ಮ ಮನೆಯ ತೆರಿಗೆ ರಸೀದಿಯನ್ನೂ ನೋಡಿದೆ. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಶಾಲೆಗೆಂದು ಒಂದು ಸಾಲೂ ಇಲ್ಲ. ಭಿಕ್ಷುಕರಿಗೆ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ.

ಹಾಗಾಗಿ ನಾವು ಪುರಸಭೆಯಿಂದ ದುಡ್ಡು ಕೇಳುವುದನ್ನು ಬಿಟ್ಟೆವು. ಜಾಗ ಕೇಳಿದೆವು. ತಮ್ಮನೂ ನಾನೂ ಅಬ್ಬಾನ ಟೇಪು ಹಿಡಿದು ಒಂದು ಭಾನುವಾರ ಅಳತೆ ಮಾಡಿದೆವು. ಜಾಲಿ ಮುಳ್ಳಿಗೆ ಅವನ ಪೈಜಾಮ ಹರಿಯಿತು, ಅಮ್ಮಿಯಿಂದ ಬೈಗುಳ ನನಗೆ ಬಿತ್ತು. ಹೆಚ್ಚು ಕಡಿಮೆ ಐದು ಗುಂಟೆ ಬಂತು. ಒಂದು ಗುಂಟೆ ಎಂದರೆ 1089 ಚದರ ಅಡಿ. ಒಂದು ಕೋಣೆ, ಮುಂದೆ ಒಂದು ಪಡಸಾಲೆ, ಅಕ್ಕಿ ಇಡಲು ಒಂದು ಸಣ್ಣ ಕೋಣೆಗೆ ಅಷ್ಟು ಸಾಕು. ಶಾಲೆಯ ಗೋಡೆಗೆ ಹತ್ತಿದ ಒಂದೂವರೆ ಗುಂಟೆಯನ್ನು ಶಾಲೆಯ ಹೆಸರಿಗೆ ಖಾತೆ ಮಾಡಿಕೊಡಿ ಎಂದು ಮನವಿಯಲ್ಲಿ ಬರೆದೆ.

ಅಬ್ಬಾ ಓದಿ, ಪೆನ್ನು ಇಸಿದುಕೊಂಡು ಒಂದು ಸಾಲು ಸೇರಿಸಿದರು: "ಉಳಿದ ಜಾಗವನ್ನು ಮಾರದೆ ರಸ್ತೆ ಕಡೆಗೆ ಮಳಿಗೆಗಳನ್ನು ನಿರ್ಮಿಸಬೇಕಾಗಿ ವಿನಂತಿ." ಇದು ಶಾಲೆಯ ಮನವಿ, ಅಂಗಡಿಯ ಮಾತು ಇದರಲ್ಲಿ ಯಾಕೆ ಎಂದು ಅಮ್ಮಿ ತಕರಾರು ತೆಗೆದರು. ಸಭೆಯಲ್ಲಿ ಕೂರುವವರು ಬಾಡಿಗೆಯ ಲೆಕ್ಕ ಇಲ್ಲದ ಕಾಗದ ಓದುವುದಿಲ್ಲ ಎಂದು ಅಬ್ಬಾ ಹೇಳಿದರು. ನನಗೆ ಅಬ್ಬಾ ಹೇಳಿದ್ದು ಸರಿ ಅನ್ನಿಸಿತು. ಸಾಲು ಉಳಿಯಿತು. ಮೂವತ್ತೊಂದು ಜನ ಸಹಿ ಮಾಡಿದರು, ಅದರಲ್ಲಿ ಹನ್ನೆರಡು ಹೆಬ್ಬೆಟ್ಟು.

ಮನವಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದಿದ್ದೇವೆ. ಹರಾಜಿನ ವಿಷಯ ಸದ್ಯ ಮುಂದಿನ ಸಭೆಗೆ ಹೋಗಿದೆ. ಆ ದಿನ ನಮಗೆ ಸಂಖ್ಯಾಶಾಸ್ತ್ರದ ಟೆಸ್ಟ್ ಇದೆ, ನಾನು ಹೋಗಲಾರೆ. ಅಮ್ಮಿ ಇನ್ನಿಬ್ಬರು ತಾಯಂದಿರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರಂತೆ. ಕನ್ನಡದಲ್ಲಿ ಹೇಳಬೇಕಾದ ಎರಡು ವಾಕ್ಯಗಳನ್ನು ಉರ್ದು ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ರೊಟ್ಟಿ ತಟ್ಟುತ್ತಾ ಅವನ್ನೇ ಹೇಳಿಕೊಳ್ಳುತ್ತಿದ್ದಾರೆ.