ಬೆನ್ನಿಗೊಂದು ಚೀಲ, ಎದುರಿಗೆ ಶಾಂತಸಾಗರ

ಭೂಪಟದಲ್ಲಿ ಬೆಳಗಾವಿಯ ಮೇಲೆ ಬೆರಳಿಟ್ಟು, ಅಕ್ಷಾಂಶದ ಗೆರೆ ಬಿಡದೆ ಪಶ್ಚಿಮಕ್ಕೆ ಸರಿಸುತ್ತ ಹೋಗಿ. ಅರಬ್ಬಿ ಸಮುದ್ರ, ಯೆಮನ್, ಸುಡಾನ್, ಸಹರಾದ ಅಂಚು, ಅಟ್ಲಾಂಟಿಕ್, ಕೆರಿಬಿಯನ್ ಎಲ್ಲವನ್ನೂ ದಾಟಿದ ಮೇಲೆ ಮತ್ತೆ ನೆಲ ಸಿಗುತ್ತದೆ. ಆ ನೆಲವೂ ಮುಗಿದು ಪೆಸಿಫಿಕ್ ಸಾಗರ ತೆರೆದುಕೊಳ್ಳುವಲ್ಲಿ ಪುಯೆರ್ತೊ ಎಸ್ಕೊಂದಿದೊ ಎಂಬ ಊರಿದೆ. ಹಾಗೆಂದರೆ ‘ಅಡಗಿರುವ ಬಂದರು’. ಮೆಕ್ಸಿಕೋದ ದಕ್ಷಿಣದಲ್ಲಿರುವ ವಾಹಾಕಾ ರಾಜ್ಯದ ಕರಾವಳಿ ಇದು. ಒಂದೇ ಅಕ್ಷಾಂಶವಾದ್ದರಿಂದ ಬಿಸಿಲೂ ನಮ್ಮದೇ, ಗಿಡಮರವೂ ನಮ್ಮವೇ. ತೆಂಗು, ಮಾವು, ಹುಣಸೆ, ಸೀಬೆ, ಪಪ್ಪಾಯಿ ಎಲ್ಲ ಕಣ್ಣಿಗೆ ಬಿದ್ದವು. ಬೇರೆಯದೆಂದರೆ ಭಾಷೆ ಮತ್ತು ಅಲೆಗಳ ಎತ್ತರ.

ಇಲ್ಲಿಂದ ಪೂರ್ವಕ್ಕೆ ಹುವಾತುಲ್ಕೊವರೆಗಿನ ಸುಮಾರು 110 ಕಿಲೋಮೀಟರ್ ಕರಾವಳಿಯನ್ನು ನಾನು ಮತ್ತು ಮಗಳು ಕಳೆದ ಡಿಸೆಂಬರಿನಲ್ಲಿ ಒಂಬತ್ತು ದಿನ ಸುತ್ತಿದೆವು. ಆಕೆ ಅಮೆರಿಕದ ಟೆಕ್ಸಾಸ್‌ನಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಗಳಿಕೆ ರಜೆ ಹಾಕಿ ಮಗಳನ್ನು ನೋಡಲು ಹೋದವನು. ಓದು ಮುಗಿಯಲು ಇನ್ನು ಐದೇ ತಿಂಗಳಿತ್ತು. ಅಲ್ಲಿಯ ವಿಮಾ ಕಂಪೆನಿಯೊಂದರ ನೌಕರಿ ಹೆಚ್ಚುಕಡಿಮೆ ಖಚಿತವಾಗಿತ್ತು. ಬ್ಯಾಂಕಿನಿಂದ ತಂದ ಶಿಕ್ಷಣ ಸಾಲವೂ ಆ ನೌಕರಿಯನ್ನೇ ನಂಬಿಕೊಂಡಿತ್ತು. ಆದ್ದರಿಂದ ಪ್ರವಾಸಕ್ಕೆ ಮಗಳು ಎರಡು ಷರತ್ತು ಹಾಕಿದಳು. ತಲೆಗೊಂದೇ ಚೀಲ, ಅದೂ ಏಳು ಕಿಲೋ ಮೀರಬಾರದು. ದಿನಕ್ಕೆ ಇಬ್ಬರಿಗೂ ಸೇರಿ 1,200 ಪೆಸೊ ಮೀರಬಾರದು. ಆಗ ಒಂದು ಪೆಸೊ ಎಂದರೆ ನಮ್ಮ ಸುಮಾರು ನಾಲ್ಕೂವರೆ ರೂಪಾಯಿ ಎಂದಿಟ್ಟುಕೊಳ್ಳಿ.

ಘಟ್ಟ ಇಳಿದ ಬಾಟಲಿ

ರಾಜಧಾನಿ ವಾಹಾಕಾ ನಗರ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಕಡಲಿಗೆ ಬರಬೇಕಾದರೆ ಸಿಯೆರಾ ಮಾದ್ರೆ ಬೆಟ್ಟಸಾಲನ್ನು ದಾಟಬೇಕು. ಹಿಂದೆ ಈ ಘಟ್ಟದ ಹಾದಿಗೆ ಆರೇಳು ಗಂಟೆ ಹಿಡಿಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಸುಮಾರು ಮೂರು ಗಂಟೆ ಸಾಕು. ನಮ್ಮ ಟೆಂಪೋ ಟ್ರಾವೆಲರ್‌ನಂತಹ ವ್ಯಾನುಗಳು ಬೆಳಗಿನಿಂದಲೇ ಹೊರಡುತ್ತವೆ.

ಬೆಟ್ಟದ ಮೇಲೆ ನೀರು ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಗೆ ಬಿರಡೆ ಬಿಗಿದು ಕಾಲ ಬಳಿ ಇಟ್ಟುಕೊಂಡಿದ್ದೆ. ಇಳಿಯುತ್ತ ಹೋದಂತೆ ಅದು ಚಟಪಟ ಸದ್ದು ಮಾಡುತ್ತ ಒಳಗೆ ಕುಸಿಯತೊಡಗಿತು. ಬೆಟ್ಟದ ತೆಳುಗಾಳಿ ಒಳಗೆ, ಕಡಲತೀರದ ಭಾರದ ಗಾಳಿ ಹೊರಗೆ! ಪಕ್ಕದಲ್ಲಿದ್ದ ಹುಡುಗ ಬೆರಗಿನಿಂದ ನೋಡಿದ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಬಿರಡೆ ಸಡಿಲಿಸಿದಾಗ ಬಾಟಲಿ ‘ಉಸ್’ ಎಂದು ಮೊದಲಿನಂತಾಯಿತು. ಪಾಠ ಮುಗಿಯಿತು. ಆಗುಂಬೆ, ಚಾರ್ಮಾಡಿ ಘಟ್ಟ ಇಳಿಯುವಾಗ ನಮ್ಮ ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು.

ಶಾಂತವಲ್ಲದ ಸಾಗರ

ಪೆಸಿಫಿಕ್ ಎಂದರೆ ಶಾಂತ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಪುಯೆರ್ತೊ ಎಸ್ಕೊಂದಿದೊದ ಸಿಕಾತೆಲಾ ತೀರದಲ್ಲಿ ನಿಂತರೆ ಆ ಹೆಸರಿಟ್ಟವರ ಮೇಲೆ ಅನುಮಾನ ಬರುತ್ತದೆ. ಹಲಗೆಯ ಮೇಲೆ ಅಲೆಸವಾರಿ ಮಾಡುವವರು ಲೋಕದ ಮೂಲೆಮೂಲೆಯಿಂದ ಇಲ್ಲಿಗೆ ಬರುತ್ತಾರೆ. ಕಾರಣ ಸಮುದ್ರದ ತಳದಲ್ಲಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತಳವು ಹತ್ತಾರು ಕಿಲೋಮೀಟರ್ ನಿಧಾನವಾಗಿ ಇಳಿಯುತ್ತದೆ. ದೂರದಿಂದ ಬಂದ ಅಲೆ ಅದಕ್ಕೆ ಉಜ್ಜುತ್ತ ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ ದಡದ ಹತ್ತಿರವೇ ಆಳ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಪೂರ್ಣ ಬಲದಲ್ಲೇ ಬಂದು ಒಮ್ಮೆಲೇ ಮರಳಿನ ದಿಬ್ಬಕ್ಕೆ ಮುಗ್ಗರಿಸುತ್ತದೆ. ಸೆಳೆತವೂ ಅಷ್ಟೇ ಜೋರು. ನಾವು ಮೊಣಕಾಲು ನೀರಿಗಿಂತ ಮುಂದೆ ಹೋಗಲಿಲ್ಲ.

ಆಳಕ್ಕೂ ಒಂದು ಕಾರಣವಿದೆ. ಇಲ್ಲಿ ಕೋಕೋಸ್ ಎಂಬ ಭೂಫಲಕ ಉತ್ತರ ಅಮೆರಿಕದ ಫಲಕದ ಅಡಿಗೆ ನುಗ್ಗುತ್ತಿದೆ. 2020ರ ಜೂನ್ 23ರಂದು ಹುವಾತುಲ್ಕೊ ಬಳಿ 7.4 ಪ್ರಮಾಣದ ಭೂಕಂಪವಾಗಿತ್ತು. ಇದೇ ಪೆಸಿಫಿಕ್ ತೀರದಲ್ಲಿ, ಇನ್ನೂ ವಾಯವ್ಯಕ್ಕೆ, 1985ರ ಸೆಪ್ಟೆಂಬರ್ 19ರಂದು ಹುಟ್ಟಿದ ಕಂಪನ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೆಕ್ಸಿಕೋ ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬತ್ತಿದ ಕೆರೆಯ ಕೆಸರಿನ ಮೇಲೆ ಕಟ್ಟಿದ ನಗರ ಅದು. ಆ ದುರಂತದ ನಂತರ ಕರಾವಳಿಯಲ್ಲಿ ಸಂವೇದಕಗಳನ್ನು ನೆಟ್ಟು, 1991ರಲ್ಲಿ ಎಚ್ಚರಿಕೆಯ ವ್ಯವಸ್ಥೆಯನ್ನು ಶುರುಮಾಡಿದರು. ಲೆಕ್ಕ ಸರಳ. ಕಟ್ಟಡ ಉರುಳಿಸುವ ಕಂಪನದ ಅಲೆ ಸೆಕೆಂಡಿಗೆ ಮೂರು ನಾಲ್ಕು ಕಿಲೋಮೀಟರ್ ಓಡುತ್ತದೆ. ರೇಡಿಯೊ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ನೆಲ ನಡುಗುವ ಮುನ್ನ ನಗರದವರಿಗೆ ಒಂದು ನಿಮಿಷದಷ್ಟು ಸಮಯ ಸಿಗಬಹುದು. ಒಂದು ನಿಮಿಷದಲ್ಲಿ ಒಂದು ತರಗತಿ ಮಕ್ಕಳನ್ನು ಹೊರಗೆ ಕಳಿಸಬಹುದೆಂದು ಮೇಷ್ಟ್ರಾದ ನನಗೆ ಚೆನ್ನಾಗಿ ಗೊತ್ತು.

ಸುಣ್ಣದ ಗುಟ್ಟು

ಊಟದ ಖರ್ಚು ಉಳಿಸಲು ಮಗಳು ಮಾರುಕಟ್ಟೆಯ ಒಳಗಿನ ಅಡುಗೆಮನೆಗಳನ್ನೇ ಹುಡುಕುತ್ತಿದ್ದಳು. ಅನ್ನ, ಕಪ್ಪು ಬೀನ್ಸ್ ಕಾಳಿನ ಸಾರು, ಬಿಸಿ ತೋರ್ತಿಯಾ, ಮೆಣಸಿನ ಚಟ್ನಿ ಇದ್ದರೆ ನಮಗೆ ಸಾಕು. ತೋರ್ತಿಯಾ ಎಂದರೆ ಮುಸುಕಿನ ಜೋಳದ ರೊಟ್ಟಿ. ಆದರೆ ಜೋಳವನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಿಟ್ಟು, ತೊಳೆದು ಅರೆಯುತ್ತಾರೆ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಬಂಧಿತ ರೂಪದಲ್ಲಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೂಡ ಸೇರುತ್ತದೆ. ಯುರೋಪಿನವರು ಜೋಳವನ್ನು ಕೊಂಡೊಯ್ದರು, ಸುಣ್ಣದ ವಿದ್ಯೆಯನ್ನು ಬಿಟ್ಟುಹೋದರು. ಪರಿಣಾಮವಾಗಿ ಜೋಳವೇ ಮುಖ್ಯ ಆಹಾರವಾದ ಇಟಲಿಯ ಹಳ್ಳಿಗಳಲ್ಲೂ, ಅಮೆರಿಕದ ದಕ್ಷಿಣ ಭಾಗದಲ್ಲೂ ಬಡವರು ಪೆಲಾಗ್ರ ರೋಗದಿಂದ ನರಳಿದರು.

ಮೆಣಸಿನಕಾಯಿ, ಪಪ್ಪಾಯಿ ಈ ಭಾಗದಿಂದ ನಮ್ಮಲ್ಲಿಗೆ ಬಂದವು. ತೆಂಗು, ಮಾವು ನಮ್ಮ ಕಡೆಯಿಂದ ಇಲ್ಲಿಗೆ ಬಂದವು. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಫಿಲಿಪ್ಪೀನ್ಸ್‌ನ ಮನಿಲಾಕ್ಕೂ ಇದೇ ತೀರದ ಅಕಾಪುಲ್ಕೊಗೂ ನಡುವೆ ಓಡಾಡುತ್ತಿದ್ದವು. ಇಂದಿಗೂ ಮೆಕ್ಸಿಕೋದಲ್ಲಿ ಒಂದು ಮಾವಿನ ತಳಿಯ ಹೆಸರು ‘ಮನಿಲಾ’. ಹುಣಸೆ ಪಾನಕವನ್ನು ಅಂಗಡಿಯಲ್ಲಿ ‘ತಮರಿಂದೊ’ ಎಂದು ಕೇಳಿದರೆ ಸಾಕು.

ಆಮೆ ಕಡಿಯುತ್ತಿದ್ದ ಊರು

ಮುಂದಿನ ಊರು ಮಾಸುಂತೆ. ಹೆದ್ದಾರಿಯಲ್ಲಿ ಬಸ್ಸಿಳಿದು, ಹಿಂದೆ ಬೆಂಚು ಹಾಕಿ ತಾಡಪಾಲು ಹೊದಿಸಿದ ಪಿಕಪ್ ವಾಹನ ಹತ್ತಬೇಕು. ಕೋಳಿ, ಸಿಮೆಂಟು ಚೀಲ, ಶಾಲೆಯ ಮಕ್ಕಳು, ನಾವು, ಎಲ್ಲರೂ ಒಟ್ಟಿಗೆ.

ಕೆಲವು ದಶಕಗಳ ಹಿಂದೆ ಈ ಹಳ್ಳಿಗಳು ಬದುಕುತ್ತಿದ್ದುದೇ ಕಡಲಾಮೆಯ ಮೇಲೆ. ಪಕ್ಕದ ಸಾನ್ ಅಗುಸ್ತಿನಿಯೊದಲ್ಲಿ ಆಮೆಗಳ ಕಸಾಯಿಖಾನೆಯೇ ಇತ್ತು. ಚರ್ಮ ಹೊರದೇಶಕ್ಕೆ, ಮಾಂಸ ಮಾರುಕಟ್ಟೆಗೆ ಹೋಗುತ್ತಿತ್ತು. 1990ರ ಮೇ ತಿಂಗಳಲ್ಲಿ ಮೆಕ್ಸಿಕೋ ಸರ್ಕಾರ ಆಮೆಬೇಟೆಯನ್ನು ಪೂರ್ತಿ ನಿಷೇಧಿಸಿತು. ಆಮೆ ಉಳಿಯಿತು, ಆದರೆ ಊರಿನ ಅನ್ನಕ್ಕೆ ಕಲ್ಲು ಬಿತ್ತು. ನಂತರದ ವರ್ಷಗಳಲ್ಲಿ ಇಲ್ಲಿ ಸರ್ಕಾರಿ ಆಮೆ ಸಂಶೋಧನಾ ಕೇಂದ್ರ ಬಂತು. ನೈಸರ್ಗಿಕ ಸೌಂದರ್ಯವರ್ಧಕಗಳನ್ನು ಮಾಡುವ ಸಹಕಾರಿ ಘಟಕ ಬಂತು. ಇನ್ನೇನು ಚೇತರಿಸಿಕೊಂಡರು ಎನ್ನುವಾಗ 1997ರ ಅಕ್ಟೋಬರಿನಲ್ಲಿ ಪೌಲಿನಾ ಚಂಡಮಾರುತ ಅಪ್ಪಳಿಸಿತು.

ಹತ್ತಿರದ ವೆಂತಾನಿಯಾ ಹಳ್ಳಿಯವರು ಚಂಡಮಾರುತ ಕಿತ್ತುಹಾಕಿದ ಕಾಂಡ್ಲಾ ಗಿಡಗಳನ್ನು ಮತ್ತೆ ನೆಟ್ಟರು. ಇಂದು ಅವರೇ ಸಹಕಾರಿ ಪದ್ಧತಿಯಲ್ಲಿ ಪ್ರವಾಸಿಗಳನ್ನು ಹಿನ್ನೀರಿನೊಳಗೆ ಕರೆದೊಯ್ಯುತ್ತಾರೆ. ದೋಣಿಗೆ ಎಂಜಿನ್ ಇಲ್ಲ, ಹುಟ್ಟು ಮಾತ್ರ. ಮೊಸಳೆಗಳು ಮೂಗು, ಕಣ್ಣು ಮಾತ್ರ ಕಾಣಿಸುತ್ತ ತೇಲುತ್ತಿದ್ದವು. ನಮ್ಮ ದೋಣಿಯವನ ತಂದೆ ಆಮೆ ಹಿಡಿಯುತ್ತಿದ್ದವರಂತೆ. ನಿಷೇಧ ಬಂದಾಗ ಊರಿನ ಹಿರಿಯರು ಸಿಟ್ಟಾಗಿದ್ದರೆಂದೂ, ಆ ಸಿಟ್ಟು ನ್ಯಾಯವೇ ಆಗಿತ್ತೆಂದೂ ಆತ ಹೇಳಿದನೆಂದು ಮಗಳು ಅನುವಾದಿಸಿದಳು. ಕಾನೂನು ಒಂದು ದಿನದಲ್ಲಿ ಬಂದಿತ್ತು, ಬದಲಿ ಕೆಲಸ ಬರಲು ವರ್ಷಗಳೇ ಹಿಡಿದಿದ್ದವು.

ಮಾಸುಂತೆಯಿಂದ ಸ್ವಲ್ಪ ಪಶ್ಚಿಮಕ್ಕಿರುವ ಎಸ್ಕೊಬಿಯಾ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಹಿಂಡುಹಿಂಡಾಗಿ ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಗಹಿರ್‌ಮಥಾ, ಋಷಿಕುಲ್ಯಾ ತೀರಗಳಿಗೆ ಬರುವುದೂ, ನಮ್ಮ ಉತ್ತರ ಕನ್ನಡ, ಉಡುಪಿಯ ಮರಳಿನಲ್ಲಿ ಬಿಡಿಬಿಡಿಯಾಗಿ ಗೂಡು ಮಾಡುವುದೂ ಇದೇ ಜಾತಿ. ಮರಳಿನ ಉಷ್ಣತೆಯೇ ಮರಿ ಹೆಣ್ಣೋ ಗಂಡೋ ಎಂದು ನಿರ್ಧರಿಸುತ್ತದೆ. ಬಿಸಿ ಹೆಚ್ಚಾದರೆ ಹೆಣ್ಣು. ಭೂಮಿ ಬಿಸಿಯಾಗುತ್ತ ಹೋದರೆ ಗಂಡುಗಳೇ ಕಡಿಮೆಯಾದಾವು ಎಂಬ ಚಿಂತೆ ವಿಜ್ಞಾನಿಗಳಿಗಿದೆ.

ಆದರೆ ಮಗಳನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಪ್ರಶ್ನೆ. ಕತ್ತಲಲ್ಲಿ ಬಂದು ಹೋಗುವ ಲಕ್ಷಾಂತರ ಆಮೆಗಳನ್ನು ಎಣಿಸುವುದು ಹೇಗೆ? ತೀರಕ್ಕೆ ಅಡ್ಡಲಾಗಿ ಕಿರಿದಾದ ಪಟ್ಟಿಗಳನ್ನು ಗುರುತಿಸಿ, ನಿಗದಿತ ಹೊತ್ತಿಗೊಮ್ಮೆ ಆ ಪಟ್ಟಿಯಲ್ಲಿ ಮೊಟ್ಟೆಯಿಡುತ್ತಿರುವ ಆಮೆಗಳನ್ನಷ್ಟೇ ಎಣಿಸಿ, ತೀರದ ವಿಸ್ತಾರಕ್ಕೂ ಕಳೆದ ಸಮಯಕ್ಕೂ ಹೊಂದಿಸಿ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಅದು ಆಕೆ ತರಗತಿಯಲ್ಲಿ ಓದಿದ ಮಾದರಿ ಗಣನೆಯೇ. ಸಂಜೆ ಪುಂತಾ ಕೊಮೆತಾ ಎಂಬ ಭೂಶಿರದ ಮೇಲೆ ಕುಳಿತಿದ್ದಾಗ, ವಿಮಾ ಕಂಪೆನಿ ಬೇಡ, ಊರಿಗೆ ಮರಳಿ ಪ್ರಾಣಿಗಣತಿಯ ಸಂಶೋಧನೆ ಮಾಡುವ ಆಸೆ ಎಂದಳು.

ನಾನು ಕೂಡಲೇ ಉತ್ತರಿಸಲಿಲ್ಲ. ದೂರದಲ್ಲಿ ತಿಮಿಂಗಿಲವೊಂದು ಉಸಿರು ಬಿಟ್ಟಿತು, ಬಿಳಿ ಹೊಗೆಯಂತೆ. ಚೀಲದಿಂದ ಖರ್ಚಿನ ಪುಸ್ತಕ ತೆಗೆದು ಕೊನೆಯ ಹಾಳೆಯಲ್ಲಿ ಉಳಿದ ಸಾಲ, ಬಡ್ಡಿ, ನನ್ನ ನಿವೃತ್ತಿಗೆ ಉಳಿದ ವರ್ಷ ಬರೆದೆವು. ಸಂಶೋಧನಾ ವೇತನದಲ್ಲಿ ಸಾಲ ತೀರಲು ನಾಲ್ಕು ವರ್ಷ ಹೆಚ್ಚು ಬೇಕು. ಮನೆಯ ಮೇಲಿನ ಕೋಣೆ ಕಟ್ಟುವುದು ನಿಲ್ಲುತ್ತದೆ. ‘ನಿಲ್ಲಲಿ, ಆದರೆ ಅಮ್ಮನಿಗೆ ನೀನೇ ಹೇಳಬೇಕು’ ಎಂದೆ.

ಬಸವನಹುಳುವಿನ ಬಣ್ಣ

ಕೊನೆಯ ನಿಲ್ದಾಣ ಹುವಾತುಲ್ಕೊ. 1980ರ ದಶಕದಲ್ಲಿ ಸರ್ಕಾರವೇ ಯೋಜಿಸಿ ಕಟ್ಟಿಸಿದ ಪ್ರವಾಸಿ ನಗರವಿದು. ಇಲ್ಲಿಯ ದೊಡ್ಡ ಹೋಟೆಲುಗಳಲ್ಲಿ ಊಟ, ಕಡಲು, ಸಂಗೀತ ಎಲ್ಲವೂ ಗೋಡೆಯೊಳಗೇ ಸಿಗುತ್ತವೆ. ಕೆಲವರು ಹೊರಗೆ ಕಾಲಿಡದೆಯೇ ಹಿಂದಿರುಗುತ್ತಾರೆ. ನಾವು ಊರಿನ ಚೌಕದ ಬಳಿ ಅಗ್ಗದ ಕೋಣೆ ಹಿಡಿದೆವು.

ಅಂಗಡಿಯೊಂದರಲ್ಲಿ ನೇರಳೆ ಗೆರೆಗಳಿದ್ದ ಕೈಮಗ್ಗದ ಬಟ್ಟೆ ಕಂಡೆವು. ಮೀಷ್ತೆಕ್ ಜನಾಂಗದ ಬಣ್ಣಗಾರರು ಚಳಿಗಾಲದಲ್ಲಿ ಈ ಬಂಡೆಗಳಿಗೆ ಬಂದು ಒಂದು ಜಾತಿಯ ಕಡಲ ಬಸವನಹುಳುವನ್ನು ಮೆಲ್ಲನೆ ಬಿಡಿಸಿ, ಅದು ಸೂಸುವ ಹಾಲಿನಂತಹ ದ್ರವವನ್ನು ನೂಲಿಗೆ ಹಚ್ಚಿ, ಹುಳುವನ್ನು ಮತ್ತೆ ಬಂಡೆಗೇ ಇಡುತ್ತಾರೆ. ಗಾಳಿ ಬಿಸಿಲಿಗೆ ನೂಲು ಹಳದಿಯಾಗಿ, ಹಸಿರಾಗಿ, ಕೊನೆಗೆ ನೇರಳೆಯಾಗುತ್ತದೆ. 1980ರ ದಶಕದಲ್ಲಿ ವ್ಯಾಪಾರಕ್ಕಾಗಿ ಬಂದವರು ಎಡೆಬಿಡದೆ ಹಿಂಡಿದ್ದರಿಂದ ಹುಳುಗಳು ಸಾಯತೊಡಗಿದವು. 1988ರಲ್ಲಿ ಸರ್ಕಾರ ಅವಕ್ಕೆ ರಕ್ಷಣೆ ಕೊಟ್ಟಿತು. ಬಟ್ಟೆಯ ಬೆಲೆ ನಮ್ಮ ಷರತ್ತಿಗೆ ಮೀರಿತ್ತು. ಮೂಸಿ ನೋಡಲು ಅಂಗಡಿಯಾಕೆ ಬಿಟ್ಟಳು. ಸಮುದ್ರದ ವಾಸನೆ ಇನ್ನೂ ಹೋಗಿರಲಿಲ್ಲ.

ಹೋಗುವವರಿಗೆ

ಅಮೆರಿಕದ ಊರ್ಜಿತ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋ ಪ್ರವಾಸಕ್ಕೆ ಬೇರೆ ವೀಸಾ ಬೇಡ. ಆದರೂ ಹೊರಡುವ ಮುನ್ನ ನಿಯಮ ಮತ್ತೊಮ್ಮೆ ನೋಡಿಕೊಳ್ಳಿ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಮಳೆಯಿಲ್ಲ. ಹಗಲಲ್ಲೇ ಪ್ರಯಾಣ ಮಾಡಿ. ಈಜುವ ಮುನ್ನ ಊರವರನ್ನು ಕೇಳಿ, ಬಾವುಟ ನೋಡಿ. ನಲ್ಲಿ ನೀರು ಕುಡಿಯಬೇಡಿ. ಹಳ್ಳಿಗಳಲ್ಲಿ ನಗದು ಹಣವೇ ನಡೆಯುವುದು. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದರೆ ಮಾಂಸ ಹಾಕುವುದಿಲ್ಲ. ಆದರೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಒಗ್ಗರಿಸುವುದುಂಟು, ಅದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು. ಒಂಬತ್ತು ದಿನಕ್ಕೆ ನಮ್ಮಿಬ್ಬರ ಒಟ್ಟು ಖರ್ಚು, ವಿಮಾನ ಬಿಟ್ಟು, 10,460 ಪೆಸೊ. ಷರತ್ತಿಗಿಂತ 340 ಪೆಸೊ ಕಡಿಮೆ. ಅದನ್ನು ವಿಮಾನ ನಿಲ್ದಾಣದಲ್ಲಿ ಮಗಳು ಅಮ್ಮನಿಗೆಂದು ಚಾಕಲೇಟಿಗೆ ಖರ್ಚು ಮಾಡಿದಳು.