ಕಿವಿ ಕಲಿಸಿದ ಕನ್ನಡ

ಭಾಷೆಯು ಕಣ್ಣಿನ ವಿದ್ಯೆಯೋ ಕಿವಿಯ ವಿದ್ಯೆಯೋ ಎಂದು ಯಾರಾದರೂ ಕೇಳಿದರೆ, ವಿದ್ಯಾರ್ಥಿ ಮಿತ್ರರು ಕಣ್ಣಿನ ವಿದ್ಯೆಯೆಂದೇ ಥಟ್ಟನೆ ಉತ್ತರಿಸಿಯಾರು. ಪುಸ್ತಕ, ಕರಿಹಲಗೆ, ಪ್ರಶ್ನಪತ್ರಿಕೆ ಇವೆಲ್ಲವೂ ಕಣ್ಣಿಗೆ ಸಂಬಂಧಿಸಿದವುಗಳೇ ಸರಿ. ಆದರೆ ಮುಂಬಯಿಯಲ್ಲಿ ಬೆಳೆದು, ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಅಕ್ಷರಾಭ್ಯಾಸ ಮಾಡಿ, ಈಗ ತಲೆಯಲ್ಲಿ ನರೆ ಕಾಣಿಸಿಕೊಂಡಿರುವ ನಮ್ಮಂಥವರ ಅನುಭವವು ಬೇರೆಯಾಗಿದೆ. ನಮಗೆ ಕನ್ನಡವನ್ನು ಮೊದಲು ಕಲಿಸಿದ್ದು ಕಿವಿ. ಕಣ್ಣು ಅದರ ಬೆನ್ನು ಹಿಡಿದು ಬಂದಿತು. ಓದು, ಹಾಡು, ಮಾತು ಎಂಬ ಮೂರನ್ನು ನಾವು ಬೇರೆ ಬೇರೆ ಪಾಠಗಳೆಂದು ಎಣಿಸುತ್ತೇವೆ. ಅವು ಮೂರೂ ಒಂದೇ ಬಾವಿಯ ನೀರೆಂಬ ವಿಚಾರವನ್ನು ನಾಲ್ಕು ಮಾತುಗಳಲ್ಲಿ ನಿಮ್ಮ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ತರಗತಿಯ ಪರಿಸ್ಥಿತಿಯನ್ನು ಮೊದಲು ಹೇಳಬೇಕು. ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರ ಮನೆಮಾತು ನಾಲ್ಕು ಬಗೆಯಾಗಿತ್ತು. ದಕ್ಷಿಣ ಕನ್ನಡದ ಕಡೆಯಿಂದ ಬಂದವರ ಮನೆಯಲ್ಲಿ ತುಳು, ಇಲ್ಲವೆ ಕೊಂಕಣಿ. ವಿಜಾಪುರ, ಕಲಬುರ್ಗಿಗಳ ಕಡೆಯವರ ಮನೆಯಲ್ಲಿ ಆ ಸೀಮೆಯ ಗಟ್ಟಿ ಕನ್ನಡ. ಗಡಿನಾಡಿನವರ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಚಾಳಿನ ಅಂಗಳಕ್ಕಿಳಿದರೆ ಮರಾಠಿ. ಬೀದಿಯ ಅಂಗಡಿಗೆ ಹೋದರೆ ಹಿಂದಿ. ಹೀಗಿರಲು ನಮ್ಮಲ್ಲಿ ಅನೇಕರಿಗೆ ಕನ್ನಡವು ತೊಟ್ಟಿಲಲ್ಲಿ ಬಂದ ಭಾಷೆಯಾಗಿರಲಿಲ್ಲ. ಶಾಲೆಯಲ್ಲಿ ಕಲಿತು ತಮ್ಮದಾಗಿಸಿಕೊಂಡ ಭಾಷೆಯಾಗಿತ್ತು. ಇದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ. ವರಕವಿ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ತಮಿಳು. ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿಕೊಟ್ಟ ಪಂಜೆ ಮಂಗೇಶರಾಯರದು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಬೇಂದ್ರೆಯವರಿಗೆ 1973ರ, ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದದ್ದು ಕನ್ನಡದ ಬರವಣಿಗೆಗಾಗಿ. ಮನೆಮಾತು ಯಾವುದೇ ಇರಲಿ, ಕಿವಿಗೊಟ್ಟವರಿಗೆ ಕನ್ನಡ ಒಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಕಿವಿಗೊಡುವುದೆಂದರೇನು? ಒಂದು ಸಣ್ಣ ಉದಾಹರಣೆಯನ್ನು ಕೊಡೋಣ. ಕನ್ನಡದಲ್ಲಿ ಬೆಲೆ, ಬೆಳೆ, ಬೇಳೆ ಎಂಬ ಮೂರು ಶಬ್ದಗಳಿವೆ. ಅಂಗಡಿಯಲ್ಲಿ ಕೇಳುವುದು ಬೆಲೆ. ಹೊಲದಲ್ಲಿ ನಿಲ್ಲುವುದು ಬೆಳೆ. ಸಾರಿಗಾಗಿ ಬೇಯಿಸುವುದು ಬೇಳೆ. ಲಕಾರ ಳಕಾರಗಳ ಭೇದವೊಂದು, ಹ್ರಸ್ವ ದೀರ್ಘಗಳ ಭೇದವೊಂದು. ಇಷ್ಟರಿಂದಲೇ ಅರ್ಥವು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮರಾಠಿಯ ಬರವಣಿಗೆಯಲ್ಲಿ ಲ ಮತ್ತು ಳ ಎರಡೂ ಇವೆಯಾದರೂ, ನಮ್ಮ ಎ ಮತ್ತು ಏ ಎಂಬ ಎರಡು ಸ್ವರಗಳಿಗೆ ಬೇರೆ ಬೇರೆ ಗುರುತುಗಳಿಲ್ಲ. ಒ ಮತ್ತು ಓ ಎಂಬುವುಗಳ ಗತಿಯೂ ಅದೇ. ಹಿಂದಿಯ ರೂಢಿಯ ಬರಹದಲ್ಲಿ ಳಕಾರವೂ ಬಳಕೆಯಲ್ಲಿಲ್ಲ. ಆಯಾ ಭಾಷೆಗೆ ಆಯಾ ಲಿಪಿ ಸಾಕಾದುದರಿಂದ ಇದು ಅವುಗಳ ಕೊರತೆಯಲ್ಲ. ಆದರೆ ಒಂದೇ ದಿನದಲ್ಲಿ ಮೂರು ಭಾಷೆಗಳ ಪಾಠವನ್ನು ಓದುವ ನಗರದ ಹುಡುಗನ ಕಣ್ಣು, ಎತ್ವದ ಮುಂದಿನ ಆ ಪುಟ್ಟ ದೀರ್ಘವನ್ನು ಗಮನಿಸದೆ ದಾಟಿಹೋಗುವುದು ತೀರ ಸಹಜ. ಕಣ್ಣು ದಾಟಿಹೋದುದನ್ನು ಹಿಡಿದು ನಿಲ್ಲಿಸಬೇಕಾದುದು ಕಿವಿ.

ಇದು ವ್ಯಾಕರಣದ ಮಾತು ಮಾತ್ರವಲ್ಲ. ನಮ್ಮ ಬಾಲ್ಯದಲ್ಲಿ ಚಾಳಿನ ಹಿರಿಯರಲ್ಲಿ ಹಲವರಿಗೆ ಓದು ಬಾರದು. ಊರಿನಿಂದ ಅಂಚೆಯ ಕಾರ್ಡು ಬಂದರೆ, ಕನ್ನಡ ಶಾಲೆಯ ಮಕ್ಕಳಾದ ನಮಗೇ ಕರೆ ಬರುತ್ತಿತ್ತು. ಹೋಟೆಲಿನ ಕೆಲಸ ಮುಗಿಸಿ ಬಂದ ಮಾಮಂದಿರು ಗೋಡೆಗೆ ಒರಗಿ ಕುಳಿತುಕೊಳ್ಳುವರು; ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೇಳುವರು. "ಬೆಳೆ ಚಲೋ ಐತಿ, ಬೆಲೆ ಬಂದಿಲ್ಲ" ಎಂಬಂಥ ಒಂದು ಸಾಲು ಆ ಕಾರ್ಡಿನ ಮೂಲೆಯಲ್ಲಿ ಇರುತ್ತಿತ್ತು. "ಇನ್ನೊಮ್ಮೆ ಓದು ತಮ್ಮಾ" ಎಂದು ಅಜ್ಜಿ ಹೇಳುವರು. ನಾವು ಓದಿದ ಆ ಸಾಲಿನ ಮೇಲೆ ಆ ತಿಂಗಳು ಎಷ್ಟು ರೂಪಾಯಿಯ ಮನಿಯಾರ್ಡರು ಹೋಗಬೇಕೆಂಬುದು ನಿರ್ಧಾರವಾಗುತ್ತಿತ್ತು. ಬರೆದವನು ಎಲ್ಲಿ ಉಸಿರು ತೆಗೆದುಕೊಂಡಿದ್ದಾನೋ ಅಲ್ಲಿಯೇ ನಾವೂ ನಿಲ್ಲಬೇಕು. ಹಾಗೆ ಓದಿದಾಗ, "ಇದು ನನ್ನ ತಮ್ಮನ ಮಾತೇ ಹೌದು" ಎಂದು ಅಜ್ಜಿಯ ಮುಖ ಅರಳುತ್ತಿತ್ತು. ಅಕ್ಷರದಲ್ಲಿ ಅಡಗಿದ ಧ್ವನಿಯನ್ನು ಎಬ್ಬಿಸಿ ಕೇಳುವವರ ಕಿವಿಗೆ ಮುಟ್ಟಿಸುವುದೇ ಓದು ಎಂಬುದನ್ನು ಪಠ್ಯಪುಸ್ತಕಕ್ಕಿಂತ ಮೊದಲು ಈ ಕಾರ್ಡುಗಳೇ ನಮಗೆ ತಿಳಿಸಿದವು.

ಶಾಲೆಯಲ್ಲಿ ನಮ್ಮ ಕಿವಿಯನ್ನು ತಿದ್ದಿದವರು ಕನ್ನಡದ ಮಾಸ್ತರರು. ಕುಮಾರವ್ಯಾಸನ ಭಾರತದ ಪದ್ಯ ಬಂದಾಗ ಅವರು ಅರ್ಥ ಹೇಳಲು ಅವಸರಪಡುತ್ತಿರಲಿಲ್ಲ. ಮೊದಲು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ಗಮಕದ ರೀತಿಯಲ್ಲಿ ಹಾಡುವರು. ಭಾಮಿನಿ ಷಟ್ಪದಿಯ ನಡೆ ನಿಮಗೆ ಗೊತ್ತೇ ಇದೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ, ಇಪ್ಪತ್ತಮೂರು ಮಾತ್ರೆಗಳು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆದುದರಿಂದ 'ಬೆಳೆ' ಎಂಬುದಕ್ಕೆ ಎರಡು ಮಾತ್ರೆಯಾದರೆ 'ಬೇಳೆ' ಎಂಬುದಕ್ಕೆ ಮೂರು. ದೀರ್ಘವನ್ನು ನುಂಗಿದರೆ ಮಾತು ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. ತಪ್ಪನ್ನು ಮಾಸ್ತರರು ತೋರಿಸಬೇಕಾಗಿಯೇ ಇರಲಿಲ್ಲ, ತಾಳವೇ ತೋರಿಸುತ್ತಿತ್ತು. ಕೆಂಪು ಶಾಯಿಯ ಗೆರೆ ಮಾಡಲಾರದ ಕೆಲಸವನ್ನು ಬೆರಳಿನ ಪೆಟ್ಟು ಮಾಡಿತು. ಮುಂದೆ ಸಂಗೀತದ ಪರಿಚಯವಾದಾಗ, ಕರ್ನಾಟಕ ಸಂಗೀತದ ಮಿಶ್ರಚಾಪು, ಹಿಂದುಸ್ತಾನಿಯ ರೂಪಕ್ ಎರಡೂ ಏಳು ಮಾತ್ರೆಯ ತಾಳಗಳೆಂದು ತಿಳಿದು, ನಮಗೆ ಹಳೆಯ ಗೆಳೆಯರನ್ನು ಕಂಡಷ್ಟು ಸಂತೋಷವಾಯಿತು.

ತರಗತಿಯ ಹೊರಗೆ ನಮಗೆ ಇನ್ನೊಂದು ಪಾಠಶಾಲೆಯಿತ್ತು, ಅದೇ ತಾಳಮದ್ದಳೆ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವುದರಿಂದ ಅಲ್ಲಿಯ ಕಲಾವಿದರು ಮುಂಬಯಿಗೆ ಬರುವುದು ವಾಡಿಕೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯವನ್ನು ಹಾಡುವರು, ಮದ್ದಳೆ ನುಡಿಯುವುದು, ಆ ಬಳಿಕ ಅರ್ಥಧಾರಿಗಳು ಆ ಪದ್ಯದ ಭಾವವನ್ನು ಆಗಿಂದಾಗಲೇ ಗದ್ಯದಲ್ಲಿ ಬೆಳೆಸಿ ಮಾತನಾಡುವರು. ಮನೆಯಲ್ಲಿ ತುಳುವನ್ನೇ ಆಡುವ ನಮ್ಮ ಗೆಳೆಯರು ಅಲ್ಲಿ ಕುಳಿತು ಇಂಗ್ಲಿಷಿನ ಒಂದು ಪದವೂ ಬೆರೆಯದ ಕನ್ನಡವನ್ನು ರಾತ್ರಿಯೆಲ್ಲ ಕೇಳುತ್ತಿದ್ದರು. ಮರುದಿನ ಶಾಲೆಯ ಚರ್ಚಾಕೂಟದಲ್ಲಿ ಅವರ ಬಾಯಿಂದ ಸಂಧಿಗಳೂ ಸಮಾಸಗಳೂ ಸಲೀಸಾಗಿ ಹೊರಡುವುದನ್ನು ಕಂಡು ನಾವು ಬೆರಗಾಗುತ್ತಿದ್ದೆವು. ಹಾಡು ಮುಂದೆ, ಅರ್ಥ ಹಿಂದೆ, ಸ್ವಂತ ಮಾತು ಕೊನೆಗೆ: ಭಾಷೆಯನ್ನು ಕಲಿಯುವ ಕ್ರಮ ಇದೇ ಅಲ್ಲವೆ?

ಸಂಗೀತಗಾರರ ಜೀವನವನ್ನು ನೋಡಿದರೂ ಈ ಮಾತಿಗೆ ಪುಷ್ಟಿ ದೊರೆಯುತ್ತದೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಇದೇ ಮುಂಬಯಿಯಲ್ಲಿ ಮಂಜೀಖಾನರಿಂದ ಖಯಾಲ್ ಗಾಯನವನ್ನು ಕಲಿತರು. ಆ ಬಂದಿಶ್‌ಗಳ ಭಾಷೆ ಬಹುಮಟ್ಟಿಗೆ ವ್ರಜ. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಇಳಿದ ಆ ಭಾಷೆಯನ್ನು ಅವರು ಜೀವಮಾನವೆಲ್ಲ ಹಾಡಿದರು. ಕನ್ನಡದ ವಚನಗಳನ್ನೂ ಅಷ್ಟೇ ತನ್ಮಯತೆಯಿಂದ ಹಾಡಿದರು. 'ನನ್ನ ರಸಯಾತ್ರೆ' ಎಂಬ ತಮ್ಮ ಆತ್ಮಕಥೆಯನ್ನು ಕನ್ನಡದಲ್ಲಿಯೇ ಹೇಳಿದರು. ಒಂದನ್ನು ಕಲಿತದ್ದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಲಿಲ್ಲ.

ಕುಮಾರ ಗಂಧರ್ವರ ಕಥೆ ನಿಮ್ಮ ವಯಸ್ಸಿಗೆ ಇನ್ನೂ ಹತ್ತಿರದ್ದು. ಶಿವಪುತ್ರ ಎಂಬ ಹೆಸರಿನ ಅವರು 1924ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿರುವಾಗಲೇ ಮುಂಬಯಿಗೆ ಬಂದು ಬಿ. ಆರ್. ದೇವಧರರ ಸಂಗೀತ ಶಾಲೆಯಲ್ಲಿ ಕಲಿತರು. ತಾರುಣ್ಯದಲ್ಲಿ ಕ್ಷಯರೋಗವು ತಗಲಿದ್ದರಿಂದ 1948ರಲ್ಲಿ ಹವೆ ಬದಲಾವಣೆಗಾಗಿ ಮಾಳವದ ದೇವಾಸಕ್ಕೆ ಹೋಗಬೇಕಾಯಿತು. ಕೆಲವು ವರ್ಷ ಹಾಡುವಂತಿರಲಿಲ್ಲ. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಆದರೆ ಕೇಳುವುದಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಅವರು ಸುತ್ತಲಿನ ಜನರ ಮಾಳವಿ ಹಾಡುಗಳಿಗೆ ಕಿವಿಗೊಟ್ಟರು. ಎದ್ದು ಮತ್ತೆ ಹಾಡತೊಡಗಿದಾಗ ಆ ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಕಬೀರನ ಪದಗಳನ್ನು ಹಾಡಿ ದೇಶವನ್ನೇ ತಣಿಸಿದರು. ಬಾಯಿ ಮುಚ್ಚಿದ್ದ ಆ ವರ್ಷಗಳಲ್ಲಿ ಕಿವಿ ತೆರೆದಿತ್ತು. ಅದೇ ಅವರ ಎರಡನೆಯ ವಿದ್ಯಾಭ್ಯಾಸವಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಮೌನವಾದ ಓದು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಕಾದಂಬರಿಯನ್ನಾಗಲಿ ವಿಜ್ಞಾನದ ಪುಸ್ತಕವನ್ನಾಗಲಿ ಗಟ್ಟಿಯಾಗಿ ಓದುತ್ತ ಕುಳಿತರೆ ಹೊತ್ತು ಸಾಲದು. ಆದರೆ ಮೌನವಾದ ಓದಿಗೂ ಕಿವಿ ತಯಾರಾಗಿರಬೇಕು. ಸಂಗೀತದ ವಿದ್ಯಾರ್ಥಿ ಸರಳೆ ವರಸೆಯನ್ನು ಮೊದಲು ಒಂದನೆಯ ಕಾಲದಲ್ಲಿ ನಿಧಾನವಾಗಿ, ಬಳಿಕ ಎರಡನೆಯ ಕಾಲದಲ್ಲಿ, ಕೊನೆಗೆ ಮೂರನೆಯ ಕಾಲದಲ್ಲಿ ಹಾಡುತ್ತಾನಷ್ಟೆ. ಓದಿಗೂ ಹೀಗೆಯೇ ಮೂರು ಕಾಲಗಳಿವೆಯೆಂದು ನಮಗೆ ತೋರುತ್ತದೆ. ಮೊದಲು ಅಕ್ಷರ ಅಕ್ಷರವನ್ನೂ ಬಾಯಿಬಿಟ್ಟು ಉಚ್ಚರಿಸುವ ಓದು. ಆಮೇಲೆ ವಾಕ್ಯದ ಉಸಿರನ್ನು ಅರಿತು ಓದುವ ಓದು. ಕೊನೆಗೆ ತುಟಿ ಅಲುಗದಿದ್ದರೂ ಒಳಗಿವಿಗೆ ಕೇಳಿಸುವ ಓದು. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದವರ ಓದು ಬೇಗ ಮಾಸಿಹೋಗುತ್ತದೆ. ಪರೀಕ್ಷೆಗಾಗಿ ಮಾತ್ರ ಕನ್ನಡವನ್ನು ಓದಿದ ನಮ್ಮ ಕೆಲವು ಸಹಪಾಠಿಗಳು ಇಂದು ಕನ್ನಡದ ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಎರಡು ಸಾಲಿಗೇ ದಣಿಯುತ್ತಾರೆ. ನಾಲ್ಕು ಷಟ್ಪದಿಗಳನ್ನು ಕಂಠದಲ್ಲಿ ಉಳಿಸಿಕೊಂಡವರಾದರೋ, ಇಪ್ಪತ್ತು ವರ್ಷ ಇಂಗ್ಲಿಷ್ ಕಚೇರಿಯಲ್ಲಿ ದುಡಿದ ಮೇಲೂ ಮತ್ತೆ ಕನ್ನಡದ ಪುಸ್ತಕವನ್ನು ಸುಲಭವಾಗಿ ತೆರೆದಿದ್ದಾರೆ. ಅವರಿಗೆ ಹಿಂದಿರುಗುವ ದಾರಿ ಕಿವಿಯಲ್ಲಿತ್ತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲವು ನಮ್ಮ ಕಾಲಕ್ಕಿಂತ ಬೇರೆಯಾಗಿದೆ. ಊರಿನಿಂದ ಕಾರ್ಡು ಬರುವುದು ನಿಂತೇಹೋಗಿದೆ. ಮೊಬೈಲಿನಲ್ಲಿ ಸಂದೇಶ ಬರುತ್ತದೆ. ಅದನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ, ಬೆಲೆ, ಬೆಳೆ, ಬೇಳೆ ಮೂರೂ ಒಂದೇ ರೂಪ ತಾಳುತ್ತವೆ. ಅದೇ ಮೊಬೈಲಿನಲ್ಲಿ ಕನ್ನಡದ ಅಕ್ಷರಗಳೂ ಇವೆ. ಅವುಗಳನ್ನು ಒತ್ತಲು ಹೆಚ್ಚಿನ ಶ್ರಮವೇನೂ ಇಲ್ಲ. ಈ ನಗರದ ಕನ್ನಡ ಶಾಲೆಗಳಲ್ಲಿ ಕೆಲವು ಮುಚ್ಚಿಹೋಗಿವೆ. ಉಳಿದವುಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ನೀವೇ ಕಾಣುತ್ತಿದ್ದೀರಿ. ಶಾಲೆಗಳನ್ನು ಉಳಿಸುವ ಭಾರವನ್ನು ಮಕ್ಕಳ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಅದು ಹಿರಿಯರಾದ ನಮ್ಮ ಹೊಣೆ. ಆದರೆ ನಿಮ್ಮ ಕಿವಿಯನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ದಿನಕ್ಕೆ ಹತ್ತು ಸಾಲುಗಳನ್ನಾದರೂ ಮನೆಯವರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿರಿ. ಅಜ್ಜಿಗೆ ಬೀಸುವಕಲ್ಲಿನ ಪದ ಗೊತ್ತಿದ್ದರೆ ಹಾಡಿಸಿ ಬರೆದುಕೊಳ್ಳಿರಿ. ಮನೆಮಾತು ತುಳುವಾಗಿದ್ದರೆ ಪಾಡ್ದನವನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ತುಳುವಿನ ಒಂದು ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲವೆಂಬುದು ಆಗ ತಿಳಿದುಬಂದು, ನಿಮ್ಮ ಕಿವಿ ಇನ್ನಷ್ಟು ಚುರುಕಾಗುವುದು. ಮರಾಠಿಯನ್ನೂ ಹಿಂದಿಯನ್ನೂ ಅಷ್ಟೇ ಪ್ರೀತಿಯಿಂದ ಕೇಳಿರಿ. ಒಂದು ಭಾಷೆಗೆ ತೆರೆದ ಕಿವಿ ಇನ್ನೊಂದಕ್ಕೆ ಮುಚ್ಚುವುದಿಲ್ಲ. ಹೀಗೆ ಪಡೆದ ಕನ್ನಡವನ್ನು ಊರು ಬದಲಾದರೂ ಉದ್ಯೋಗ ಬದಲಾದರೂ ಯಾರೂ ನಿಮ್ಮಿಂದ ಕಸಿದುಕೊಳ್ಳಲಾರರು. ಅದು ನಿಮ್ಮಲ್ಲಿ ಚಿರಕಾಲ ನುಡಿಯುತ್ತಿರಲೆಂದು ಹಾರೈಸುತ್ತೇವೆ.