ಇವತ್ತು ಬೈಯರ್ ಕಡೆಯವರು ಬರ್ತಾರೆ

ಪೀಣ್ಯ, 2021ರ ಅಕ್ಟೋಬರ್. ಗೇಟು ದಾಟಿದ ಕೂಡಲೇ ಮೂಗಿಗೆ ಫಿನಾಯಿಲ್ ಬಡಿಯುತ್ತದೆ. ಟಾಯ್ಲೆಟ್ಟಿನಲ್ಲಿ ಸೋಪೂ ಇದೆ. ಅಂದಮೇಲೆ ಇವತ್ತು ಆಡಿಟ್.

ನೀವು ಕಾಲರ್ ಕೂರಿಸುವ ಟೈಲರ್. ಸಾಲು ಮಿಷನ್‌ಗಳ ಗರಗರ ಹಲ್ಲಿನವರೆಗೂ ನಡುಗಿಸುತ್ತದೆ. ಬಟ್ಟೆಯ ಧೂಳು ಮಾಸ್ಕ್ ದಾಟಿ ಗಂಟಲಿಗಿಳಿಯುತ್ತದೆ. ಟಾರ್ಗೆಟ್ ತಪ್ಪಿತೆಂದು ನಿನ್ನೆ ಬಂಡಲ್ ಎತ್ತಿ ಕುಕ್ಕಿದ ಸೂಪರ್‌ವೈಸರ್, ಇವತ್ತು "ನೀರು ಕುಡಿದ್ರಾಮ್ಮಾ?" ಅನ್ನುತ್ತಾನೆ. ಹಿಂದಿನ ಮಿಷನ್ನಿನ ಅಕ್ಕ ಕಿಸಕ್ಕನೆ ನಗುತ್ತಾಳೆ.

ಗೋಡೆಯ ಮೇಲೆ ಬ್ರ್ಯಾಂಡಿನ ನೀತಿಸಂಹಿತೆ, ಅದೂ ಕನ್ನಡದಲ್ಲಿ: ಕಾನೂನಿನ ಕನಿಷ್ಠ ವೇತನ ಕೊಡತಕ್ಕದ್ದು. ನಿಮ್ಮ ಪರ್ಸಿನಲ್ಲಿ ಮಡಿಸಿಟ್ಟ ಪೇ ಸ್ಲಿಪ್ಪಿನ ಮಾತೇ ಬೇರೆ. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಕೊರೊನಾ ಎಂದು ಸರ್ಕಾರ ತಡೆಹಿಡಿಯಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಬಾಕಿ ಸಮೇತ ಕೊಡಿ ಎಂದಿತು. ಅದಾಗಿ ವರ್ಷ ಉರುಳಿದೆ. ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರ ಪಾಡು ಇದೇ. ಪೂಮಾ, ನೈಕಿ, ಝಾರಾ, ಟೆಸ್ಕೊ: ಈ ನಾಡಿನಲ್ಲಿ ಬಟ್ಟೆ ಹೊಲಿಸಿಕೊಂಡು ಹೋಗುವವರು ಸಣ್ಣಪುಟ್ಟವರೇನಲ್ಲ. ರಾತ್ರಿ ನೀವೇ ಲೆಕ್ಕ ಹಾಕಿದ್ದೀರಿ: ಹದಿನೆಂಟು ತಿಂಗಳಿಗೆ 7,506 ರೂಪಾಯಿ. (ನೀತಿಸಂಹಿತೆ ಬರೆಯುವ ಕಂಪನಿಯೇ ಒಂದೊಂದು ಪೀಸಿನ ದರಕ್ಕೂ ಚೌಕಾಸಿಗೆ ಕೂರುತ್ತದೆ. ಅದನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ.)

ನಿಮ್ಮ ಟೋಕನ್ ನಂಬರ್ ಕೂಗುತ್ತಾರೆ.

ಕೋಣೆಯ ಎಸಿಗೆ ಬೆವರಿದ ಬೆನ್ನು ಜುಮ್ಮೆನ್ನುತ್ತದೆ. ಏನು ಹೇಳಬೇಕೆಂದು ನಿನ್ನೆಯೇ ಹೇಳಿಕೊಟ್ಟಿದ್ದಾರೆ. ಆಡಿಟರ್ ಮೇಡಂ ಟ್ಯಾಬ್ ನೋಡಿಕೊಂಡೇ ಕೇಳುತ್ತಾರೆ.

"ಸೂಜಿ ಮುರಿದ್ರೆ ಬೇರೆ ಕೊಡ್ತಾರಾ?"

"ಕೊಡ್ತಾರೆ."

"ಫೈರ್ ಡ್ರಿಲ್ ಆಗಿದ್ಯಾ?"

"ಆಗಿದೆ."

"ಕೆಲಸದಲ್ಲಿ ಖುಷಿಯಾಗಿದ್ದೀರಾ?"

ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಗಾಜಿನಾಚೆ ಎಚ್‌ಆರ್ ನಿಂತಿದ್ದಾನೆ. ಖುಷಿ? ಮಗಳ ಫೀಸು ಕಟ್ಟಿದ ದಿನ ಖುಷಿ. ಭಾನುವಾರ ಎರಡು ತಾಸು ಹೆಚ್ಚು ಮಲಗಿದರೆ ಖುಷಿ. ಅದನ್ನು ಇವರಿಗೆ ಹೇಳಬೇಕೇ? ಬಾಯಿ ಬಿಟ್ಟರೆ ನಾಳೆ ಬೇರೆ ಲೈನು, ನಾಡಿದ್ದು ರಾಜೀನಾಮೆ ಬರಿ ಎನ್ನುವ ಒತ್ತಾಯ. ಆರ್ಡರ್ ಕೈತಪ್ಪಿದರೆ ಎಲ್ಲರ ಅನ್ನಕ್ಕೂ ಕಲ್ಲು. ಹೋದ ವರ್ಷ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸಿನವರು, ಸಾವಿರದ ಇನ್ನೂರು ಜನ, ಆರ್ಡರ್ ಇಲ್ಲವೆಂಬ ಒಂದೇ ಮಾತಿಗೆ ಕೆಲಸ ಕಳೆದುಕೊಂಡರು. ಸುಮ್ಮನಿದ್ದರೆ? ಹತ್ತೊಂಬತ್ತನೇ ತಿಂಗಳೂ ಇಷ್ಟೇ.

ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಸ್ಲಿಪ್ ಬಿಚ್ಚುತ್ತೀರಿ. ಮೇಜಿನ ಮೇಲಿಡುತ್ತೀರಿ. ಬೆರಳು ನಡುಗುತ್ತಿದೆ.

"ಡಿಎ ಬಾಕಿ ಯಾವಾಗ ಮೇಡಂ?"

"ಅದು ಇನ್ನೂ ಕೋರ್ಟಲ್ಲಿದೆ ಅಂತ ಮ್ಯಾನೇಜ್‌ಮೆಂಟ್‌ನವರು ಹೇಳಿದ್ರು."

"ಕೋರ್ಟು ಹೇಳಿ ವರ್ಷ ಆಯ್ತಲ್ಲ."

ಮೇಡಂ ಮೊದಲ ಸಲ ತಲೆಯೆತ್ತುತ್ತಾರೆ. ಗಾಜಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ನಿಮ್ಮ ಹೆಸರು ಬರ್ಕೊಳ್ಳಲಾ?"

"ಹೆಸರು ಬೇಡ," ಅನ್ನುತ್ತೀರಿ. "417 ಅಂತ ಬರ್ಕೊಳ್ಳಿ."